ಮೊಬೈಲ್ ಕಲಿಸುವುದೆಷ್ಟು, ಸಿಸ್ಟರ್ ಕಲಿಸುವುದೆಷ್ಟು?

ಮಾದನಹಿಪ್ಪರಗಾದಂಥ ಹೋಬಳಿ ಊರಿನ ಆರೋಗ್ಯ ಕೇಂದ್ರಕ್ಕೆ ಅಪರಾತ್ರಿಯಲ್ಲಿ ಬ್ಯಾನಿ ತಿನ್ನುತ್ತ ಬಂದ ಹೆಣ್ಣುಮಗಳನ್ನು ಮೊದಲು ಕೈಹಿಡಿದು ಒಳಗೆ ಕರೆದುಕೊಳ್ಳುವವಳು ನರ್ಸ್. ಡಾಕ್ಟರು ಬರುವ ತನಕ ತಾಯಿಯ ಜೀವ, ಕೂಸಿನ ಜೀವ ಎರಡೂ ಅವಳ ಹೊಣೆ. ಕೂಸು ಹುಟ್ಟಿ ಅಳದಿದ್ದರೆ ಒಂದು ನಿಮಿಷದೊಳಗೆ ಉಸಿರು ಕೊಡಬೇಕು. ಕಸ ಬಿದ್ದ ಮೇಲೂ ರಕ್ತ ನಿಲ್ಲದಿದ್ದರೆ ಯಾವ ಔಷಧ, ಎಷ್ಟು, ಹೇಗೆ ಎಂಬುದು ಪುಸ್ತಕ ತೆರೆಯದೆ ನೆನಪಿಗೆ ಬರಬೇಕು. ಆಳಂದಕ್ಕೆ ಕಳಿಸಬೇಕೋ, ನೇರ ಕಲಬುರಗಿಗೋ, ಗಡಿ ದಾಟಿ ಸೊಲ್ಲಾಪುರಕ್ಕೋ ಎಂಬುದನ್ನು ಮನೆಯವರ ಗಾಬರಿಯ ನಡುವೆ ಹೇಳಬೇಕು. ಇಷ್ಟನ್ನೆಲ್ಲ ಅವಳು ಯಾರಿಂದ ಕಲಿತಳು, ಹೇಗೆ ಕಲಿತಳು ಎಂಬ ಪ್ರಶ್ನೆ ನರ್ಸಿಂಗ್ ಕಾಲೇಜುಗಳಿಗಷ್ಟೇ ಸೇರಿದ್ದಲ್ಲ. ಹೆರಿಗೆಗೆ ಆ ಬಾಗಿಲು ಬಡಿಯುವ ಪ್ರತಿ ಮನೆಗೂ ಸೇರಿದ್ದು.

ಕಳೆದ ಹತ್ತು ವರ್ಷಗಳಲ್ಲಿ ಈ ಕಲಿಕೆಯೊಳಗೆ ಮೊಬೈಲ್ ಬಂದು ಕೂತಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿ ಪಾಠವೆಲ್ಲ ಪರದೆಗೆ ಹೋಯಿತು. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ಬದಲಿಸಿದಾಗ ಎರಡನೆಯ ಸೆಮಿಸ್ಟರಿನಲ್ಲೇ ಆರೋಗ್ಯ ಮಾಹಿತಿ ತಂತ್ರಜ್ಞಾನವನ್ನು ಪ್ರತ್ಯೇಕ ವಿಷಯವಾಗಿ ಇಟ್ಟಿತು. ಹೆರಿಗೆ ಶುಶ್ರೂಷೆಯ ಪಾಠದಲ್ಲಿ ‘ಸೇಫ್ ಡೆಲಿವರಿ ಆ್ಯಪ್’ ಎಂಬ ಮೊಬೈಲ್ ಆ್ಯಪನ್ನು ಹೆಸರು ಹಿಡಿದು ಕಡ್ಡಾಯ ಮಾಡಿತು. ಹಾಗಾಗಿ ಆ್ಯಪ್ ಬೇಕೋ ಬೇಡವೋ ಎಂಬ ಚರ್ಚೆ ಮುಗಿದುಹೋಗಿದೆ. ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಸಿಗಬೇಕಾದರೆ ಜೊತೆಗೆ ಏನಿರಬೇಕು ಎಂಬುದನ್ನು ನೋಡಬೇಕಿದೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೇಕಾದ ಪುರಾವೆಯಲ್ಲಿ ಬಹುಪಾಲು ಉತ್ತರ ಕರ್ನಾಟಕದ ನೆಲದಲ್ಲೇ ಇದೆ, ಅದರಲ್ಲಿ ಒಂದು ದೊಡ್ಡ ಭಾಗ ನಮ್ಮ ಕಲಬುರಗಿ ಜಿಲ್ಲೆಯದೇ.

ಮೊದಲು ಕಲಿಯುವವಳನ್ನು ನೋಡೋಣ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ತೊಗರಿ ನಂಬಿ ಬದುಕುವ ಈ ತಾಲ್ಲೂಕುಗಳ ಮನೆಗಳಲ್ಲಿ ನರ್ಸಿಂಗ್ ಎಂದರೆ ಮಗಳೊಬ್ಬಳು ತಿಂಗಳ ಪಗಾರ ತರಬಲ್ಲ ದಾರಿ. 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಆ ದಾರಿ ಇನ್ನಷ್ಟು ನಂಬಿಕೆಯದಾಗಿದೆ. ಕಲಬುರಗಿಯಲ್ಲಿ ಜಿಮ್ಸ್, ಇಎಸ್ಐ, ಬಸವೇಶ್ವರ ಆಸ್ಪತ್ರೆಗಳ ಜೊತೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡವೂ ತೆರೆಯಿತು. ಇವುಗಳಿಗೆಲ್ಲ ನರ್ಸ್‌ಗಳು ಬೇಕು.

ಹಾಗೆ ಸೇರುವ ಹುಡುಗಿಯರಲ್ಲಿ ಬಹಳಷ್ಟು ಮಂದಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ., ಯಾವುದಕ್ಕೆ ಸೇರಿದರೂ ದಪ್ಪ ಇಂಗ್ಲಿಷ್ ಪುಸ್ತಕಗಳು ಎದುರಾಗುತ್ತವೆ. ಕ್ಲಾಸಿನಲ್ಲಿ ಅರ್ಥವಾಗದೆ ಉಳಿದದ್ದನ್ನು ಅವಳು ರಾತ್ರಿ ಹಾಸ್ಟೆಲಿನಲ್ಲಿ ಮೊಬೈಲಿನಲ್ಲಿ ಹುಡುಕುತ್ತಾಳೆ. ಯೂಟ್ಯೂಬಿನಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪಾಠ ಸಿಗುತ್ತದೆ. ಸೀನಿಯರ್‌ಗಳು ವಾಟ್ಸಾಪಿಗೂ ಟೆಲಿಗ್ರಾಮಿಗೂ ಹಾಕಿದ ನೋಟ್ಸ್ ಸಿಗುತ್ತವೆ. ಮೊಬೈಲ್ ಶಿಕ್ಷಣದ ಬಗ್ಗೆ ಬರೆಯುವವರು ಹೆಚ್ಚಾಗಿ ಆ್ಯಪುಗಳನ್ನೇ ಎಣಿಸುತ್ತಾರೆ. ಆದರೆ ಈ ಭಾಗದ ನರ್ಸಿಂಗ್ ವಿದ್ಯಾರ್ಥಿನಿಯ ನಿಜವಾದ ಗ್ರಂಥಾಲಯ ಈ ವಿಡಿಯೊಗಳು, ಈ ಪಿಡಿಎಫ್‌ಗಳು. ಅವುಗಳಲ್ಲಿ ಸರಿಯಾದದ್ದು ಯಾವುದು, ಹಳತಾದದ್ದು ಯಾವುದು ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ.

ಆ್ಯಪ್ ಎಂದು ಕರೆಯಬಹುದಾದವುಗಳಲ್ಲಿ ಪರೀಕ್ಷೆಯ ಆ್ಯಪುಗಳೇ ಮುಂದು. ಏಮ್ಸ್ 2020ರಿಂದ ನಡೆಸುತ್ತಿರುವ ನಾರ್ಸೆಟ್ ಪರೀಕ್ಷೆಗೆ, ರಾಜ್ಯದ ನೇಮಕಾತಿ ಪರೀಕ್ಷೆಗಳಿಗೆ ಬಹು ಆಯ್ಕೆಯ ಪ್ರಶ್ನೆಗಳನ್ನು ಸಾವಿರಗಟ್ಟಲೆ ಕೊಡುವ ಆ್ಯಪುಗಳಿವೆ, ಹೆಚ್ಚಿನವು ದುಡ್ಡು ಕೊಟ್ಟು ಕೊಳ್ಳುವಂಥವು. ಕೆಲಸ ಸಿಗಬೇಕೆಂಬ ಹುಡುಗಿ ಅವುಗಳಿಗೆ ಖರ್ಚು ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಅಭ್ಯಾಸ ಬೇರೆ, ನಾಲ್ಕೂ ಉತ್ತರ ಎದುರಿಗಿಲ್ಲದ ರಾತ್ರಿ ಬೇರೆ. ಎರಡನೆಯ ಬಗೆ ಔಷಧದ ಪ್ರಮಾಣ, ಡ್ರಿಪ್ಪಿನ ವೇಗ, ಹೆರಿಗೆಯ ದಿನ ಲೆಕ್ಕ ಹಾಕಿಕೊಡುವ ಸಣ್ಣ ಆ್ಯಪುಗಳು. ಇವು ನಿಜಕ್ಕೂ ಉಪಕಾರಿ. ಲೆಕ್ಕದ ತಪ್ಪಿನಿಂದ ಆಗುವ ಅನಾಹುತ ಸಣ್ಣದಲ್ಲ, ಅದನ್ನು ತಡೆಯಲು ಯಂತ್ರದ ನೆರವು ಪಡೆಯಲು ಯಾರೂ ನಾಚಬೇಕಿಲ್ಲ. ಮೂರನೆಯ ಬಗೆಯೇ ಈ ಸಮೀಕ್ಷೆಯ ಮುಖ್ಯ ವಿಷಯ: ಕೈಕೆಲಸವನ್ನು ಚಿತ್ರ ತೋರಿಸಿ ಕಲಿಸುವ ಆ್ಯಪುಗಳು.

ಅವುಗಳಲ್ಲಿ ಹೆಸರಾದದ್ದು ಸೇಫ್ ಡೆಲಿವರಿ ಆ್ಯಪ್. ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್ ಅಲ್ಲಿನ ವಿಶ್ವವಿದ್ಯಾಲಯಗಳ ಜೊತೆ ಸೇರಿ ಇದನ್ನು ಮಾಡಿತು. ಹೆರಿಗೆಯ ನಂತರದ ರಕ್ತಸ್ರಾವ, ಉಸಿರಾಡದ ಕೂಸು, ಗರ್ಭಿಣಿಯ ಬಿ.ಪಿ., ಬೀಳದೆ ಉಳಿದ ಕಸ, ನಂಜು ಹೀಗೆ ಒಂದೊಂದಕ್ಕೂ ಕೆಲವೇ ನಿಮಿಷಗಳ ಅನಿಮೇಶನ್ ಚಿತ್ರ, ಏನು ಮಾಡಬೇಕೆಂಬ ಹಂತಗಳು, ಔಷಧಗಳ ಪಟ್ಟಿ, ಕೊನೆಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ದುಡ್ಡಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ಸಿಗ್ನಲ್ ಬಂದು ಹೋಗುವ ಊರುಗಳಿಗೆ ಈ ಕೊನೆಯ ಗುಣ ಬಹಳ ದೊಡ್ಡದು.

ಇದು ಕೆಲಸ ಮಾಡುತ್ತದೆಯೇ? ಇಥಿಯೋಪಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆ್ಯಪ್ ಇದ್ದ ಕೇಂದ್ರಗಳ ಸಿಬ್ಬಂದಿಯ ಕೌಶಲ, ಕೂಸಿಗೆ ಉಸಿರು ಕೊಡುವುದರಲ್ಲೂ ರಕ್ತಸ್ರಾವ ನಿಲ್ಲಿಸುವುದರಲ್ಲೂ, ಒಂದು ವರ್ಷದ ಮೇಲೂ ಸ್ಪಷ್ಟವಾಗಿ ಮೇಲಿತ್ತು. ಕೂಸುಗಳ ಸಾವು ಸಾವಿರ ಹೆರಿಗೆಗೆ 23ರ ಬದಲು 14 ಇತ್ತು. ಆದರೆ ಸಂಖ್ಯಾಶಾಸ್ತ್ರದ ಕಣ್ಣಿಗೆ ಆ ಅಂತರ ಆ್ಯಪಿನಿಂದಲೇ ಆಯಿತು ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ವಿದ್ಯಾರ್ಥಿಗಳ ಮೇಲಿನ ಅಧ್ಯಯನಗಳೂ ಇವೆ. ದಕ್ಷಿಣ ಕೊರಿಯಾದ ಸಂಶೋಧಕರು 2019ರಲ್ಲಿ ಅಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸ್ಮಾರ್ಟ್‌ಫೋನಿನಿಂದ ಕಲಿತ ನರ್ಸಿಂಗ್ ವಿದ್ಯಾರ್ಥಿಗಳ ತಿಳಿವಳಿಕೆ, ಕೌಶಲ, ಆತ್ಮವಿಶ್ವಾಸ ಮೂರೂ ಹೆಚ್ಚಿವೆ ಎಂದು ಕಂಡರು. ಇದನ್ನು ನಂಬಬಹುದು, ಆದರೆ ಇಂಥ ಅಧ್ಯಯನಗಳು ಸಾಮಾನ್ಯವಾಗಿ ಅಳೆಯುವುದು ಲ್ಯಾಬಿನ ಬೊಂಬೆಯ ಮೇಲೆ, ಕೆಲವು ವಾರಗಳ ಅವಧಿಯಲ್ಲಿ. ಎರಡು ವರ್ಷದ ನಂತರ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ಡ್ಯೂಟಿಯಲ್ಲಿರುವವಳ ಕೈಯನ್ನು ಅವು ಅಳೆಯುವುದಿಲ್ಲ.

ಅದನ್ನು ಅಳೆದದ್ದು ನಮ್ಮಲ್ಲಿ. ಬೆಳಗಾವಿಯ ಹಳ್ಳಿಗಳಲ್ಲಿ ಎಎನ್‌ಎಂಗಳೇ ನಡೆಸಿದ ಒಂದು ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ರಕ್ತಸ್ರಾವ ತಡೆಯಬಹುದೇ ಎಂಬುದು ಪ್ರಶ್ನೆ. 1620 ತಾಯಂದಿರಲ್ಲಿ ನೋಡಿದಾಗ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ನರ್ಸಿಂಗ್ ಕಲಿಸುವವರು ಈ ಪ್ರಯೋಗದಲ್ಲಿ ಇನ್ನೊಂದನ್ನು ಗಮನಿಸಬೇಕು. ರಕ್ತ ಎಷ್ಟು ಹೋಯಿತು ಎಂಬುದನ್ನು ಕಣ್ಣಳತೆಗೆ ಬಿಡದೆ, ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಆ ಪ್ರಯೋಗಕ್ಕಾಗಿ ಮಾಡಿಸಿದ್ದರು. ಕಣ್ಣಳತೆ ಕಡಿಮೆ ಹೇಳುತ್ತದೆ ಎಂಬುದು ಅನುಭವಿ ಸಿಸ್ಟರ್‌ಗಳೆಲ್ಲ ಬಲ್ಲ ಮಾತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥದೇ ಹಾಳೆಯಿಂದ ಅಳೆದು ಕೂಡಲೇ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ತಗ್ಗಿದವು. ಎಂಥ ಒಳ್ಳೆಯ ಅನಿಮೇಶನ್ ನೋಡಿದರೂ ಬಟ್ಟೆಗೆ ಹಿಂಗಿದ ರಕ್ತ ಎಷ್ಟು ಎಂದು ಹೇಳುವ ಕಣ್ಣು ಬರುವುದಿಲ್ಲ. ಅದಕ್ಕೆ ಹಾಳೆ ಬೇಕು, ಹಾಳೆ ಹಿಡಿದು ತೋರಿಸುವವರು ಬೇಕು.

2010ರಲ್ಲಿ ಗೋಕಾಕದ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಪರಿಶೀಲನಾ ಪಟ್ಟಿಯ ಮೊದಲ ಪ್ರಯೋಗ ನಡೆಯಿತು. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಿವೆ. ಮೊದಲು ಸರಾಸರಿ 10 ಕೆಲಸಗಳಷ್ಟೇ ಆಗುತ್ತಿದ್ದವು. ಪಟ್ಟಿ ಬಂದ ಮೇಲೆ 25 ಆದವು. ಒಂದು ಹಾಳೆ ಕಾಗದ ಇಷ್ಟು ಮಾಡುವುದಾದರೆ ಮೊಬೈಲ್ ಎಷ್ಟು ಮಾಡೀತು ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಗೋಕಾಕದಲ್ಲಿ ಕಾಗದದ ಹಿಂದೆ ಜನ ಇದ್ದರು: ಹೇಳಿಕೊಡುವವರು, ನೋಡುವವರು, ಮತ್ತೆ ಹೇಳುವವರು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರಲ್ಲಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಬಂತು. ತರಬೇತುದಾರರು ಮೇಲಿಂದ ಮೇಲೆ ಬರುತ್ತಿದ್ದ ದಿನಗಳಲ್ಲಿ, ಎರಡನೆಯ ತಿಂಗಳಿಗೆ, ಶೇ. 73ರಷ್ಟು ಕೆಲಸಗಳು ಸರಿಯಾಗಿ ಆಗುತ್ತಿದ್ದವು. ಅವರ ಬರುವಿಕೆ ನಿಂತ ಮೇಲೆ ವರ್ಷದ ಕೊನೆಗೆ ಅದು ಶೇ. 62ಕ್ಕೆ ಇಳಿದಿತ್ತು. ಸಾವುಗಳಲ್ಲಿ ಅಂತರ ಕಾಣಲಿಲ್ಲ. ಪಟ್ಟಿ ಅದೇ ಇತ್ತು, ಪಕ್ಕದಲ್ಲಿ ನಿಲ್ಲುವವರು ಹೋಗಿದ್ದರು.

ಉಸಿರಾಡದ ಕೂಸಿಗೆ ಮೊದಲ ನಿಮಿಷದಲ್ಲೇ ಉಸಿರು ಕೊಡುವ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯನ್ನೂ ಬೆಳಗಾವಿ ಕಡೆ 599 ಮಂದಿಗೆ ಬೊಂಬೆಯ ಮೇಲೆ ಕೊಟ್ಟರು. ಸತ್ತೇ ಹುಟ್ಟುವ ಕೂಸುಗಳ ಪ್ರಮಾಣ ಶೇ. 3ರಿಂದ ಶೇ. 2.3ಕ್ಕೆ ಇಳಿಯಿತೆಂದು 2013ರಲ್ಲಿ ವರದಿಯಾಯಿತು. ಚೀಲ ಹಿಚುಕಿ, ಎದೆ ಏರುವುದನ್ನು ನೋಡಿ, ಮುಖವಾಡ ಸರಿಯಾಗಿ ಕೂರದಿದ್ದರೆ ಮತ್ತೆ ಕೂರಿಸಿ ಕಲಿತದ್ದರ ಫಲ ಅದು.

ಆ್ಯಪನ್ನೇ ನೇರವಾಗಿ ಪರೀಕ್ಷಿಸಿದ್ದೂ ಕರ್ನಾಟಕದಲ್ಲಿ ಆಗಿದೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕ್ಲಿಪ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಎಎನ್‌ಎಂ ಮತ್ತು ಆಶಾ ಕಾರ್ಯಕರ್ತೆಯರು ಗರ್ಭಿಣಿಯ ಮನೆಗೆ ಹೋಗಿ ಬಿ.ಪಿ. ನೋಡಿ, ಲಕ್ಷಣಗಳನ್ನು ಕೇಳಿ ಆ್ಯಪಿಗೆ ಹಾಕುತ್ತಿದ್ದರು. ಅಪಾಯ ಎಷ್ಟಿದೆ, ಗುಳಿಗೆ ಕೊಡಬೇಕೇ, ಈಗಲೇ ದೊಡ್ಡ ದವಾಖಾನೆಗೆ ಕಳಿಸಬೇಕೇ ಎಂದು ಅದು ಹೇಳುತ್ತಿತ್ತು. ಆ್ಯಪ್ ಹೇಳಿಕೊಟ್ಟದ್ದನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಚೆನ್ನಾಗಿಯೇ ಮಾಡಿದರು. ಇದೇ ದೊಡ್ಡ ಸಂಗತಿ. ಆದರೂ ಒಟ್ಟು ಹಳ್ಳಿಗಳ ಲೆಕ್ಕದಲ್ಲಿ ತಾಯಿ–ಕೂಸುಗಳ ಸಾವುನೋವು ಇಳಿಯಲಿಲ್ಲ. ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರು ದೇಶಗಳ ಅಂಕಿಗಳನ್ನು ಕೂಡಿಸಿ ನೋಡಿದಾಗ ಒಂದು ಬೆಳಕು ಕಂಡಿತು: ಹೆಚ್ಚು ಸಲ ಭೇಟಿ ಸಿಕ್ಕ ಗರ್ಭಿಣಿಯರಲ್ಲಿ ಫಲಿತಾಂಶ ಉತ್ತಮವಾಗಿತ್ತು. ಆ್ಯಪಿನ ಬುದ್ಧಿಗಿಂತ ಬಾಗಿಲಿಗೆ ಬಂದ ಕಾಲುಗಳ ಎಣಿಕೆ ಮುಖ್ಯವಾಯಿತು ಎಂದು ನಾನು ಅದನ್ನು ಓದುತ್ತೇನೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಬೀದರ, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಈ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆ ನಡೆದದ್ದು ಆರೋಗ್ಯ ಇಲಾಖೆಯ ಹಳಬರಿಗೆ ನೆನಪಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ, ಕೆಎಚ್‌ಪಿಟಿ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸರ್ಕಾರದ ಜೊತೆ ಸೇರಿ ಮಾಡಿದ ಕೆಲಸ ಅದು. ಅದರ ಮುಖ್ಯ ಆಲೋಚನೆ ಬಹಳ ಸರಳ. ಅನುಭವವಿರುವ ನರ್ಸ್‌ಗೆ ವಿಶೇಷ ತರಬೇತಿ ಕೊಟ್ಟು ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ವಹಿಸಿದರು. ಅವಳು ಸರದಿ ಪ್ರಕಾರ ಒಂದೊಂದು ಕೇಂದ್ರಕ್ಕೆ ಹೋಗಿ, ದಿನಗಟ್ಟಲೆ ಅಲ್ಲಿಯ ನರ್ಸ್‌ಗಳ ಜೊತೆಗಿದ್ದು, ಹೆರಿಗೆ ಕೋಣೆಯಲ್ಲೇ ಕಲಿಸುತ್ತಿದ್ದಳು. ಬೈದು ತಪ್ಪು ಬರೆದುಕೊಂಡು ಹೋಗುವ ತಪಾಸಣೆ ಅದಾಗಿರಲಿಲ್ಲ. ಔಷಧ ಇಲ್ಲವೇ, ಸಲಕರಣೆ ಮುರಿದಿದೆಯೇ ಎಂದು ನೋಡಿ ಕೇಂದ್ರದವರೇ ಸರಿಪಡಿಸಿಕೊಳ್ಳಲು ನೆರವಾಗುತ್ತಿದ್ದಳು. ಹೆರಿಗೆಯ ಕೇಸ್ ಶೀಟನ್ನೇ ಹೊಸದಾಗಿ ರೂಪಿಸಿ, ಅದನ್ನು ತುಂಬುತ್ತ ಹೋದರೆ ಮುಂದೇನು ಮಾಡಬೇಕೆಂಬುದು ತಿಳಿಯುವಂತೆ ಮಾಡಿದ್ದರು.

ಬಳ್ಳಾರಿ ಮತ್ತು ಗುಲಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಚೀಟಿ ಎತ್ತಿದಂತೆ ಅರ್ಧ ಕೇಂದ್ರಗಳಿಗೆ ಮಾರ್ಗದರ್ಶಿ ನರ್ಸ್, ಉಳಿದರ್ಧಕ್ಕೆ ಇಲ್ಲ. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮಾರ್ಗದರ್ಶಿ ಬಂದ ಕೇಂದ್ರಗಳ ನರ್ಸ್‌ಗಳ ತಿಳಿವಳಿಕೆ, ತೊಡಕಿನ ಹೆರಿಗೆಗೆ ಕೇಂದ್ರದ ಸಿದ್ಧತೆ ಎರಡೂ ಮೇಲಾಗಿದ್ದವು. ನರ್ಸಿಂಗ್ ಕಲಿಕೆಯ ಬಗ್ಗೆ ಜಗತ್ತಿನಲ್ಲಿ ನಡೆದ ಒಳ್ಳೆಯ ಪ್ರಯೋಗಗಳಲ್ಲಿ ಒಂದು ನಮ್ಮ ಕಲಬುರಗಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯಿತು. ಇದನ್ನು ಇಲ್ಲಿಯ ನರ್ಸಿಂಗ್ ಕಾಲೇಜುಗಳ ಪಾಠದಲ್ಲಿ ಹೆಮ್ಮೆಯಿಂದ ಹೇಳಬೇಕು.

ಈ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾಡಬೇಕಾದ ಕೆಲಸಗಳ ಕ್ರಮವನ್ನು ನೆನಪಿನಲ್ಲಿ ಇಡಲು ಕಾಗದವೂ ಸಾಕು, ಮೊಬೈಲೂ ಸಾಕು, ಮೊಬೈಲ್ ಇನ್ನಷ್ಟು ಚೆನ್ನಾಗಿಯೇ ಮಾಡುತ್ತದೆ. ಕ್ರಮವು ಕೈಗೆ ಬರಬೇಕಾದರೆ, ಬಂದದ್ದು ಉಳಿಯಬೇಕಾದರೆ, ಬಲ್ಲ ಇನ್ನೊಬ್ಬಳು ಮತ್ತೆ ಮತ್ತೆ ಪಕ್ಕಕ್ಕೆ ಬರಬೇಕು. ಈಜು ಕಲಿಸುವವರು ದಂಡೆಯ ಮೇಲೆ ಹೇಳುವ ಮಾತೂ ಬೇಕು, ಬೆನ್ನಿಗೆ ಹಿಡಿಯುವ ಕೈಯೂ ಬೇಕು. ನಮ್ಮ ನರ್ಸಿಂಗ್ ಶಿಕ್ಷಣದಲ್ಲಿ ಇಂದು ಕಡಿಮೆಯಾಗಿರುವುದು ಆ ಕೈ.

ಕಡಿಮೆಯಾಗಿರುವುದನ್ನು ವಾರ್ಡಿನಲ್ಲಿ ಕಣ್ಣಾರೆ ನೋಡಬಹುದು. ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು ಇರಬೇಕೆಂಬುದು ಪರಿಷತ್ತಿನ ನಿಯಮ. ದೊಡ್ಡ ಆಸ್ಪತ್ರೆಗೆ ಹಲವು ಕಾಲೇಜಿನವರು ಒಟ್ಟಿಗೆ ಪೋಸ್ಟಿಂಗಿಗೆ ಬಂದ ದಿನ ಒಬ್ಬ ತಾಯಿಯ ಮಂಚದ ಸುತ್ತ ಬಿಳಿ ಕೋಟುಗಳ ಗೋಡೆ ಎದ್ದಿರುತ್ತದೆ, ಹಿಂದಿನ ಸಾಲಿನವಳಿಗೆ ಏನೂ ಕಾಣುವುದಿಲ್ಲ. ಇಂತಿಷ್ಟು ಹೆರಿಗೆ ಮಾಡಿಸಿದ್ದೇನೆ ಎಂದು ಕೇಸ್ ಬುಕ್ ತುಂಬಲೇಬೇಕು. ನೋಡಿದ್ದನ್ನೂ ನೋಡದ್ದನ್ನೂ ಗೆಳತಿಯ ಪುಸ್ತಕದಿಂದ ಇಳಿಸಿಕೊಳ್ಳುವ ಪದ್ಧತಿ ಗುಟ್ಟಿನದೇನಲ್ಲ. ಕೊರೊನಾ ವರ್ಷಗಳಲ್ಲಿ ಕಲಿತವರ ಕಥೆ ಇನ್ನೂ ಕಷ್ಟದ್ದು. ಇಂಥ ಕಡೆ ಆ್ಯಪ್ ಬಂದರೆ ಅನುಕೂಲ ಇದೆ. ಜೊತೆಗೆ ಒಂದು ಅಪಾಯವೂ ಇದೆ: ಕಾಣದ ಹೆರಿಗೆಯ ಜಾಗದಲ್ಲಿ ನೋಡಿದ ವಿಡಿಯೊ ಬಂದು ಕೂತು, ಅದೇ ಸಾಕೆಂದು ಆಡಳಿತ ಮಂಡಳಿಗಳು ಸುಮ್ಮನಾಗಬಹುದು. ಪಾಠ ಹೇಳುವವರ ಹುದ್ದೆ ತುಂಬದೆ ಸ್ಮಾರ್ಟ್ ಬೋರ್ಡ್ ಕೊಳ್ಳುವುದನ್ನು ಶಾಲೆಗಳಲ್ಲಿ ಈಗಾಗಲೇ ಕಂಡಿದ್ದೇವೆ.

ಇನ್ನು ಭಾಷೆ. ಬಿ.ಪಿ. ಏರಿದ ಗರ್ಭಿಣಿಯನ್ನು ಆ್ಯಪ್ ಹೇಳಿದ ಕ್ರಮದಲ್ಲಿ ಕೇಳಬೇಕು: ತಲೆನೋವು ಇದೆಯೇ, ಕಣ್ಣು ಮಂಜಾಗುತ್ತದೆಯೇ, ಎದೆಗುಂಡಿಗೆಯ ಕೆಳಗೆ ನೋಯುತ್ತದೆಯೇ? ಆಳಂದದ ಹೆಣ್ಣುಮಗಳು ಹೇಳುವುದು ‘ತೆಲಿ ಸಿಡಿಲಾಕತ್ಯಾದ್ರಿ, ಚಕ್ಕರ್ ಬರ್ಲಾಕತ್ಯಾವ’ ಎಂದು. ತಾಂಡಾದಿಂದ ಬಂದವಳು ಲಂಬಾಣಿಯಲ್ಲಿ ಹೇಳುತ್ತಾಳೆ, ಇನ್ನೊಬ್ಬಳು ದಖನಿ ಉರ್ದುವಿನಲ್ಲಿ, ಅಕ್ಕಲಕೋಟೆ ಕಡೆಯಿಂದ ತವರಿಗೆ ಬಂದವಳು ಮರಾಠಿಯಲ್ಲಿ. ಈ ನಾಲ್ಕು ಮಾತುಗಳ ನಡುವೆ ಬೆಳೆದ ಇಲ್ಲಿಯ ಹುಡುಗಿ ಇದನ್ನೆಲ್ಲ ಸಲೀಸಾಗಿ ತಿಳಿಯಬಲ್ಲಳು. ಇದು ಅವಳ ದೊಡ್ಡ ಆಸ್ತಿ. ಆದರೆ ಅವಳು ಕಲಿತ ಪುಸ್ತಕವಾಗಲಿ ಆ್ಯಪಾಗಲಿ ಆ ಆಸ್ತಿಯನ್ನು ಬಳಸಿಕೊಳ್ಳುವುದಿಲ್ಲ. ಇಂಗ್ಲಿಷ್ ಪಟ್ಟಿಯನ್ನು ಬೆಂಗಳೂರಿನ ಪುಸ್ತಕಗನ್ನಡಕ್ಕೆ ತಿರುಗಿಸಿಕೊಟ್ಟರೂ ಕೆಲಸ ಅರ್ಧವೇ. ರೋಗಿ ಆಡುವ ಮಾತಿನಿಂದ ಹೊರಟು ಲಕ್ಷಣಕ್ಕೆ ತಲುಪುವ ಪಾಠಗಳು ಬೇಕು. ಈ ಭಾಗದ ಸಿಸ್ಟರ್‌ಗಳ, ಬಾಣಂತಿಯರ ದನಿಯಲ್ಲೇ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಸಂಭಾಷಣೆಗಳು ಬೇಕು. ಮೊಬೈಲಿನಲ್ಲಿ ಇದನ್ನು ಬಹಳ ಸುಲಭವಾಗಿ ಮಾಡಬಹುದು, ಅಚ್ಚಿನ ಪುಸ್ತಕದಲ್ಲಿ ಆಗುವುದಿಲ್ಲ. ಆ್ಯಪ್ ಮಾಡಬಲ್ಲ ಅತಿ ಒಳ್ಳೆಯ ಕೆಲಸ ನನ್ನ ಎಣಿಕೆಯಲ್ಲಿ ಇದೇ.

ಹಳತಾಗುವ ಜ್ಞಾನದ ಸಮಸ್ಯೆಯನ್ನೂ ಇಲ್ಲಿ ಹೇಳಬೇಕು. ಹೆರಿಗೆಯ ಪ್ರಗತಿಯನ್ನು ಗುರುತಿಸುವ ಪಾರ್ಟೋಗ್ರಾಫ್ ಗರ್ಭಕೊರಳು 4 ಸೆಂ.ಮೀ. ತೆರೆದಾಗಿನಿಂದ ಶುರು ಎಂದು ಕೇಂದ್ರ ಸರ್ಕಾರದ ಹಿಂದಿನ ತರಬೇತಿಗಳು ಕಲಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು 5 ಸೆಂ.ಮೀ. ಎಂದಿತು, 2020ರ ಡಿಸೆಂಬರಿನಲ್ಲಿ ಹೊಸ ನಮೂನೆಯನ್ನೂ ಹೊರಡಿಸಿತು. ಟೆಲಿಗ್ರಾಮಿನ ಪಿಡಿಎಫ್‌ನಲ್ಲಿ 4, ಹೊಸ ವಿಡಿಯೊದಲ್ಲಿ 5, ಪರೀಕ್ಷೆಯಲ್ಲಿ ಯಾವುದಕ್ಕೆ ಅಂಕ? ಹೆರಿಗೆ ಕೋಣೆಯಲ್ಲಿ ಯಾವುದನ್ನು ಪಾಲಿಸಬೇಕು? ಹುಡುಗಿ ಯಾರನ್ನು ಕೇಳಬೇಕು? ಖಾಸಗಿ ಆ್ಯಪಿನವರು ತಮ್ಮ ಪಾಠವನ್ನು ಕೊನೆಗೆ ಯಾವಾಗ ತಿದ್ದಿದರು ಎಂದು ಹೇಳಬೇಕೆಂಬ ನಿಯಮ ಬೇಕು. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 1947ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಆ ಆಯೋಗ ಕೈಹಾಕಬೇಕಾದ ಕೆಲಸ ಇದು.

ಫೋನ್ ಎಲ್ಲರ ಕೈಯಲ್ಲೂ ಇದೆ ಎಂದುಕೊಳ್ಳುವುದೂ ಸರಿಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಶೇ. 54. ಅದರಲ್ಲಿ ಸ್ಮಾರ್ಟ್‌ಫೋನ್ ಅಲ್ಲದವೂ ಸೇರಿವೆ. ನರ್ಸಿಂಗ್‌ಗೆ ಬರುವ ಹೊತ್ತಿಗೆ ಹೆಚ್ಚಿನ ಹುಡುಗಿಯರ ಬಳಿ ಫೋನ್ ಇರುತ್ತದೆ ನಿಜ, ಆದರೆ ಎಷ್ಟೋ ಹಾಸ್ಟೆಲ್‌ಗಳಲ್ಲಿ ಅದನ್ನು ವಾರ್ಡನ್ ಕೊಠಡಿಯ ಕಪಾಟಿಗೆ ಒಪ್ಪಿಸಬೇಕು, ಸಂಜೆ ಒಂದು ತಾಸು ಕೊಡುತ್ತಾರೆ. ಪಠ್ಯಕ್ರಮ ಆ್ಯಪ್ ಕಡ್ಡಾಯ ಎನ್ನುತ್ತದೆ, ಹಾಸ್ಟೆಲ್ ಫೋನ್ ನಿಷಿದ್ಧ ಎನ್ನುತ್ತದೆ. ಇದಕ್ಕೊಂದು ಮಧ್ಯದ ದಾರಿ ಸುಲಭ: ಸ್ಕಿಲ್ ಲ್ಯಾಬಿನಲ್ಲಿ ಕಾಲೇಜಿನದೇ ಹತ್ತಾರು ಟ್ಯಾಬ್‌ಗಳನ್ನು ಇಟ್ಟು, ಬೊಂಬೆಯ ಪಕ್ಕದಲ್ಲೇ ಆ್ಯಪ್ ನೋಡಿ ಕೂಡಲೇ ಕೈಯಿಂದ ಮಾಡಿಸುವುದು.

ವಾರ್ಡಿನೊಳಗೆ ಫೋನ್ ವಿಷಯ ಸೂಕ್ಷ್ಮದ್ದು. ರೋಗಿಯ ಕಡೆಯವರ ಕಣ್ಣಿಗೆ ಆ್ಯಪ್ ಕಾಣುವುದಿಲ್ಲ, ಮೊಬೈಲ್ ಕಾಣುತ್ತದೆ. ‘ನಮ್ಮ ಹುಡುಗಿ ನಳ್ಳಾಡ್ಲಾಕತ್ಯಾಳ, ನರ್ಸಬಾಯಿ ಮೊಬೈಲ್ ನೋಡ್ಕೋತ ಕುಂತಾಳ’ ಎಂಬ ಮಾತು ಹುಟ್ಟಲು ತಡವಿಲ್ಲ, ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಕೈತೊಳೆದು ಕೈಗವಸು ಹಾಕಿದ ಮೇಲೆ ಮುಟ್ಟಿದ ಫೋನ್ ನಂಜು ಒಯ್ಯುತ್ತದೆ. ಕಲಿಕೆಗೆಂದು ತೆಗೆದ ಗಾಯದ ಫೋಟೊ, ಕೂಸಿನ ವಿಡಿಯೊ ಗ್ರೂಪಿನಿಂದ ಗ್ರೂಪಿಗೆ ಹರಿದಾಡುವುದು ತಾಯಿಯ ಮಾನಕ್ಕೆ ಸಂಬಂಧಿಸಿದ್ದು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದ್ದರೂ ಇಲ್ಲದಿದ್ದರೂ ಅದು ತಪ್ಪು. ಆ್ಯಪ್ ಹೇಗೆ ನೋಡಬೇಕೆಂದು ಕಲಿಸುವ ಮೊದಲು ಯಾವಾಗ ನೋಡಬಾರದು ಎಂದು ಕಲಿಸಬೇಕು.

ಓದು ಮುಗಿಸಿ ಕೆಲಸಕ್ಕೆ ಸೇರಿದವಳಿಗೆ ಆ್ಯಪುಗಳ ಇನ್ನೊಂದು ಮುಖ ಕಾಣುತ್ತದೆ. ಅನ್‌ಮೋಲ್, ಯು-ವಿನ್, ನಿ-ಕ್ಷಯ್ ಎಂದು ಒಂದರ ಮೇಲೊಂದು ದಾಖಲಾತಿಯ ಆ್ಯಪುಗಳಿವೆ, ಪಕ್ಕದ ಅಂಗನವಾಡಿಯವಳಿಗೆ ಪೋಷಣ್ ಟ್ರ್ಯಾಕರ್. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂತಾಗ, ಪೋರ್ಟಲಿನ ದಾಖಲಾತಿಗೆ ತಮ್ಮ ಗೌರವಧನವನ್ನು ಗಂಟು ಹಾಕಬೇಡಿ ಎಂಬುದೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಮೊಬೈಲ್ ಎಂದರೆ ಮೇಲಿನವರಿಗೆ ಲೆಕ್ಕ ಒಪ್ಪಿಸುವ ಯಂತ್ರ ಎಂಬ ಅನುಭವ ಗಟ್ಟಿಯಾದ ಮೇಲೆ ಅದೇ ಮೊಬೈಲಿನಿಂದ ಕಲಿ ಎಂದರೆ ಮನಸ್ಸು ಬರುವುದು ಕಷ್ಟ. ಕಲಿಸುವ ಆ್ಯಪಿನಲ್ಲಿ ಹಾಜರಿ, ಗುರಿ, ನೋಟಿಸ್ ಯಾವುದೂ ಇರಬಾರದು.

2018–20ರ ಲೆಕ್ಕದಂತೆ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾಯುತ್ತಿದ್ದರು, ದೇಶದಲ್ಲಿ 97. ದೇಶದ ಸರಾಸರಿಗಿಂತ ನಾವು ಮೇಲಿದ್ದೇವೆ ಎಂಬ ಸಮಾಧಾನ ಸಾಲದು. ಪುರಾವೆ ನಮ್ಮ ಬಳಿ ಇದೆ, ದಾರಿಯೂ ತಿಳಿದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಮೂಲಕ ರಾಜ್ಯದ ವೈದ್ಯ ಕಾಲೇಜುಗಳಿಗೆ ಡಿಜಿಟಲ್ ಗ್ರಂಥಾಲಯ ಕಟ್ಟಿಕೊಟ್ಟ ಸಂಸ್ಥೆ. ಎಎನ್‌ಎಂ, ಜಿಎನ್‌ಎಂ ವಿದ್ಯಾರ್ಥಿನಿಯರಿಗೂ ಸಿಗುವಂತೆ, ಉಚಿತವಾಗಿ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ, ಕಲಬುರಗಿಯ ಮಾತಿನಲ್ಲೂ ಮಂಗಳೂರಿನ ಮಾತಿನಲ್ಲೂ ಕೇಳುವ ಕನ್ನಡದ ನರ್ಸಿಂಗ್ ಆ್ಯಪೊಂದನ್ನು ಅದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಜೊತೆ ಸೇರಿ ಮಾಡಿಸಬೇಕು. ಅದಕ್ಕಿಂತ ಮೊದಲು ಸರ್ಕಾರ ಸುಕ್ಷೇಮದ ಮಾರ್ಗದರ್ಶಿ ನರ್ಸ್ ಪದ್ಧತಿಯನ್ನು ಕಲ್ಯಾಣ ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲಿ ಕಾಯಂ ಹುದ್ದೆಯಾಗಿ ಮಾಡಬೇಕು. ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಹಣದಲ್ಲಿ ಇದಕ್ಕೆ ಬೇಕಾಗುವುದು ಅಲ್ಪವೇ. ಕಾಲೇಜಿನ ವಿದ್ಯಾರ್ಥಿನಿಯರ ಗ್ರಾಮೀಣ ಪೋಸ್ಟಿಂಗನ್ನು ಈ ಮಾರ್ಗದರ್ಶಿಯ ಕೈಗೇ ಒಪ್ಪಿಸಬೇಕು. ದುಡ್ಡು ಒಂದಕ್ಕೇ ಸಾಲುವುದಾದರೆ ಮಾರ್ಗದರ್ಶಿಗೇ ಕೊಡಬೇಕು, ಆ್ಯಪ್ ಆಮೇಲೆ ಬರಲಿ.

ಈ ವರ್ಷ ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಹೊರಟಿರುವ ಆಳಂದ, ಅಫಜಲಪುರ, ಜೇವರ್ಗಿಯ ತಂದೆತಾಯಂದಿರಲ್ಲಿ ಒಂದು ಕೋರಿಕೆ. ಕಾಲೇಜಿನ ಕಟ್ಟಡ, ಫೀಸು, ಸ್ಮಾರ್ಟ್ ಕ್ಲಾಸ್ ನೋಡಿ ಬರಬೇಡಿ. ಪೋಸ್ಟಿಂಗಿನ ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತವೆ, ನನ್ನ ಮಗಳು ಮೊದಲ ಹೆರಿಗೆ ಮಾಡಿಸುವಾಗ ಅವಳ ಪಕ್ಕದಲ್ಲಿ ಯಾವ ಸಿಸ್ಟರ್ ನಿಂತಿರುತ್ತಾರೆ, ಅವರ ಹೆಸರೇನು ಎಂದು ಕೇಳಿ. ಉತ್ತರ ಕೊಡಲಾರದ ಕಾಲೇಜಿಗೆ ಸೇರಿಸಬೇಡಿ.